ಯಾವ ಬ್ಲಾಕು ಅಂತ ಕೇಳು, ಮಗು

ಮಗು,

ಬರುವ ವಾರ ನಿನ್ನಪ್ಪ ತಿಪಟೂರಿನಿಂದ ಬರುತ್ತಾನೆ, ನೀನೇ ಜೊತೆಗಿದ್ದು ಜಯದೇವ ಆಸ್ಪತ್ರೆಯಲ್ಲಿ ತೋರಿಸುತ್ತೀಯ ಎಂದು ನಿನ್ನಮ್ಮ ಫೋನಿನಲ್ಲಿ ಹೇಳಿದಳು. "ಡಾಕ್ಟ್ರು ಬ್ಲಾಕ್ ಇದೆ ಅಂದ್ರಂತೆ ಭಾವ" ಎನ್ನುವಾಗ ಅವಳ ದನಿ ಕುಗ್ಗಿತ್ತು. ಎಂಥ ಬ್ಲಾಕು ಎಂದು ಕೇಳಿದೆ. ಅಷ್ಟೇ ಹೇಳಿದ್ದು, ಚೀಟಿ ಬರೆದುಕೊಟ್ಟು ಬೆಂಗಳೂರಿಗೆ ಹೋಗಿ ಅಂದರು ಎಂದಳು. ಮನೆಮಂದಿಯ ನಿದ್ದೆ ಕೆಡಿಸಿರುವ ಈ ಪದಕ್ಕೆ ಇಲ್ಲಿ ಏನರ್ಥ ಎಂದು ಯಾರೂ ಕೇಳಿಕೊಂಡಿಲ್ಲ.

ಬಿಟಿಎಂ ಲೇಔಟಿನ ಪಿಜಿಗಳಲ್ಲಿ ನಿನ್ನಂಥ ಮಕ್ಕಳು ತುಂಬಿದ್ದೀರಿ. ಊರಿನಲ್ಲಿ ಯಾರಿಗೇ ದೊಡ್ಡ ಕಾಯಿಲೆಯಾಗಲಿ, ಬ್ಯಾಂಕಿನ ತೊಂದರೆಯಾಗಲಿ, "ನಮ್ಮ ಹುಡುಗಿ ಅಲ್ಲೇ ಇದ್ದಾಳೆ, ಇಂಗ್ಲಿಷ್ ಬರುತ್ತೆ" ಎಂದು ನಿಮ್ಮನ್ನೇ ನಂಬಿ ಬಸ್ಸು ಹತ್ತುತ್ತಾರೆ. ಸಂಬಳ ಬರುವ ಕೆಲಸ ಒಂದಾದರೆ, ಮನೆಯವರಿಗೆ ದುಭಾಷಿಯಾಗುವುದು ನಿಮ್ಮ ಎರಡನೆಯ ಕೆಲಸ. ಅದನ್ನು ಯಾವ ಕಾಲೇಜೂ ಕಲಿಸಲಿಲ್ಲ. ನಲವತ್ತು ವರ್ಷ ಅಚ್ಚುಕೂಟಗಳಲ್ಲಿ ಕರಡು ತಿದ್ದಿಕೊಂಡು ಬಂದವನು ನಾನು. ಪದಗಳ ವಿಷಯದಲ್ಲಿ ನಾಲ್ಕು ಮಾತು ಹೇಳುವ ಸಲುಗೆ ನನಗುಂಟು ಎಂದುಕೊಂಡು ಬರೆಯುತ್ತಿದ್ದೇನೆ.

ಮೊದಲು ಹೃದಯದ ಮಾತು. ಮನೆಯ ಗೋಡೆಯೊಳಗೆ ನೀರಿನ ಪೈಪೂ ಇರುತ್ತದೆ, ಕರೆಂಟಿನ ವೈರೂ ಇರುತ್ತದೆ. ಹೃದಯಕ್ಕೂ ಅವೆರಡೂ ಉಂಟು, ಎರಡರಲ್ಲಿ ಯಾವುದು ಕೆಟ್ಟರೂ ನಾವು ಬ್ಲಾಕ್ ಎಂದೇ ಕರೆಯುತ್ತೇವೆ. ಗೊಂದಲ ಹುಟ್ಟುವುದೇ ಇಲ್ಲಿ.

ಪೈಪಿನದು ಹೀಗೆ: ಹೃದಯದ ಸ್ನಾಯುವಿಗೇ ರಕ್ತ ಒದಗಿಸುವ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಕೂತು ದಾರಿ ಕಿರಿದಾಗುತ್ತದೆ. ಅಚ್ಚ ಕನ್ನಡದಲ್ಲಿ ಹೇಳಬೇಕಾದರೆ ರಕ್ತನಾಳ ಕಟ್ಟಿಕೊಂಡಿದೆ. ಮೆಟ್ಟಿಲು ಹತ್ತಿದಾಗ, ಬಿರುಸಾಗಿ ನಡೆದಾಗ ಎದೆ ಹಿಡಿದಂತಾಗುವುದು, ಏದುಸಿರು ಬರುವುದು ಇದರ ಲಕ್ಷಣ. ಎಲ್ಲಿ ಎಷ್ಟು ಕಟ್ಟಿದೆ ಎಂದು ನೋಡಲು ಆಂಜಿಯೊಗ್ರಾಂ ಮಾಡುತ್ತಾರೆ. ಮಣಿಕಟ್ಟಿನಿಂದಲೋ ತೊಡೆಸಂದಿನಿಂದಲೋ ಸಣ್ಣ ಕೊಳವೆ ತೂರಿಸಿ, ಎಕ್ಸ್‌ರೇಗೆ ಕಾಣುವ ದ್ರವ ಬಿಟ್ಟು, ಪರದೆಯ ಮೇಲೆ ಅದು ಹರಿಯುವ ದಾರಿಯನ್ನು ನೋಡುತ್ತಾರೆ. ಆಮೇಲೆ ಮಾತ್ರೆಯೋ, ಸ್ಟೆಂಟೋ, ಬೈಪಾಸೋ ಎಂಬ ತೀರ್ಮಾನ.

ವೈರಿನದು ಬೇರೆ. ಹೃದಯದ ಪ್ರತಿ ಬಡಿತಕ್ಕೂ ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಒಂದು ವಿದ್ಯುತ್ ಸಂಕೇತ ಇಳಿಯಬೇಕು. ಅದು ತಡವಾಗಿ ಇಳಿದರೆ, ನಡುನಡುವೆ ತಪ್ಪಿದರೆ ಅಥವಾ ಪೂರ್ತಿ ನಿಂತರೆ ಅದಕ್ಕೆ ಹಾರ್ಟ್ ಬ್ಲಾಕ್ ಎನ್ನುತ್ತಾರೆ. ವೈದ್ಯರ ಪುಸ್ತಕದಲ್ಲಿ ಹಾರ್ಟ್ ಬ್ಲಾಕ್ ಎಂದಿದ್ದರೆ ಅದು ಇದೇ. ನಮ್ಮ ಮನೆಗಳಲ್ಲಿ ಹಾರ್ಟ್ ಬ್ಲಾಕ್ ಎನ್ನುವುದು ಪೈಪಿನ ಕಾಯಿಲೆಗೆ. ಒಂದೇ ಮಾತು ಡಾಕ್ಟರ ಬಾಯಲ್ಲಿ ಒಂದು ಕಾಯಿಲೆ, ನಮ್ಮ ಕಿವಿಯಲ್ಲಿ ಇನ್ನೊಂದು ಕಾಯಿಲೆ. ಈ ವೈರಿನ ಬ್ಲಾಕಿನಲ್ಲಿ ಮೂರು ದರ್ಜೆಗಳಿವೆ. ಮೊದಲ ದರ್ಜೆಗೆ ಬಹಳ ಸಲ ಚಿಕಿತ್ಸೆಯೇ ಬೇಕಾಗುವುದಿಲ್ಲ. ಮೂರನೆಯದರಲ್ಲಿ ಸಂಕೇತ ಪೂರ್ತಿ ಕಡಿದುಹೋಗಿ, ನಾಡಿ ನಿಮಿಷಕ್ಕೆ 40ರ ಆಸುಪಾಸಿಗೋ ಅದಕ್ಕಿಂತ ಕೆಳಕ್ಕೋ ಇಳಿದು, ಮನುಷ್ಯ ಕಣ್ಣು ಕತ್ತಲೆಗಟ್ಟಿ ಬೀಳಬಹುದು. ಅದಕ್ಕೆ ಸಾಮಾನ್ಯವಾಗಿ ಕೊರಳೆಲುಬಿನ ಕೆಳಗೆ ಚರ್ಮದಡಿ ಪೇಸ್‌ಮೇಕರ್ ಇಡುತ್ತಾರೆ. ಸ್ಟೆಂಟಿನ ಕೆಲಸವೇ ಬೇರೆ, ಪೇಸ್‌ಮೇಕರಿನ ಕೆಲಸವೇ ಬೇರೆ. "ಅವರ ಮಾವನಿಗೂ ಬ್ಲಾಕ್ ಇತ್ತು, ಸ್ಟೆಂಟ್ ಹಾಕಿದ್ರು, ಈಗ ಆರಾಮಾಗಿದಾರೆ" ಎಂದು ಪಕ್ಕದವರು ಹೇಳುವ ಸಮಾಧಾನ ನಿನ್ನಪ್ಪನಿಗೆ ಹೊಂದುತ್ತದೋ ಇಲ್ಲವೋ, ಯಾವ ಬ್ಲಾಕೆಂದು ತಿಳಿಯದೆ ಹೇಳಲಾಗದು.

ಊರಿನಲ್ಲಿ ತೆಗೆದ ಇಸಿಜಿಯ ಕಾಗದ ನಿನ್ನಪ್ಪನ ಬಳಿ ಇದ್ದೇ ಇರುತ್ತದೆ. ಅದರ ನೆತ್ತಿಯಲ್ಲಿ ಯಂತ್ರವೇ ಒಂದೆರಡು ಸಾಲು ಅಚ್ಚು ಹಾಕಿರುತ್ತದೆ. ಅಲ್ಲಿ ಬಂಡಲ್ ಬ್ರಾಂಚ್ ಬ್ಲಾಕ್ ಎಂದಿದೆಯೇ ನೋಡು. ಬಲಗಡೆಯ ಕವಲಿನದಾದರೆ ಆರ್‌ಬಿಬಿಬಿ, ಎಡಗಡೆಯದಾದರೆ ಎಲ್‌ಬಿಬಿಬಿ ಎಂದು ಚಿಕ್ಕದಾಗಿ ಬರೆದಿರುವುದೂ ಉಂಟು. ಇದೂ ವೈರಿಗೆ ಸೇರಿದ್ದು. ಬಲಗಡೆಯದು ಬೇರೇನೂ ತೊಂದರೆ ಇಲ್ಲದವರಲ್ಲೂ ಕಾಣಿಸಿಕೊಳ್ಳುತ್ತದೆ. ಎಡಗಡೆಯದಾದರೆ ಡಾಕ್ಟರು ಸಾಮಾನ್ಯವಾಗಿ ಮುಂದಿನ ಪರೀಕ್ಷೆ ಮಾಡಿಸುತ್ತಾರೆ. ರಕ್ತನಾಳ ಶೇಕಡಾ ಎಷ್ಟು ಕಟ್ಟಿದೆ ಎಂದು ಇಸಿಜಿ ಹೇಳಲಾರದು. ಇದುವರೆಗೆ ಆಗಿರುವುದು ಬರೀ ಇಸಿಜಿ ಎಂದಾದರೆ, "ಎಂಬತ್ತು ಪರ್ಸೆಂಟ್ ಬ್ಲಾಕ್ ಅಂತೆ" ಎಂದು ನೆಂಟರ ನಡುವೆ ಸುತ್ತುತ್ತಿರುವ ಮಾತಿಗೆ ಬುಡವಿಲ್ಲ. ನಿಮ್ಮಮ್ಮನಿಗೆ ಇದನ್ನು ಇವತ್ತೇ ಹೇಳು.

ಆಂಜಿಯೊಗ್ರಾಂ ಆದಮೇಲೆ ಶೇಕಡಾ ಲೆಕ್ಕ ಬರುತ್ತದೆ. ಶೇ 80 ಎಂದರೆ ಹೃದಯದ ನೂರರಲ್ಲಿ ಎಂಬತ್ತು ಭಾಗ ಹೋಯಿತು ಎಂದಲ್ಲ, ಆ ನಾಳ ಆ ಒಂದು ಜಾಗದಲ್ಲಿ ಅಷ್ಟು ಕಿರಿದಾಗಿದೆ ಎಂದು. ಅದೇ ಫೈಲಿನಲ್ಲಿ ಎಕೊ ಪರೀಕ್ಷೆಯ ಹಾಳೆಯೂ ಇರುತ್ತದೆ, ಅಲ್ಲೂ ಇಎಫ್ ಎಂದು ಒಂದು ಶೇಕಡಾ ಇರುತ್ತದೆ. ಅದು ಹೃದಯ ಒಂದೊಂದು ಬಡಿತಕ್ಕೆ ಎಷ್ಟು ರಕ್ತ ಹೊರಗೆ ತಳ್ಳುತ್ತದೆ ಎಂಬ ಅಳತೆ. ಅದರಲ್ಲಿ 60 ಬಂದರೆ ಸಂತೋಷಪಡಬೇಕು. ಎರಡು ಹಾಳೆಯ ಎರಡು ಶೇಕಡಾಗಳನ್ನು ಒಂದರ ಪಕ್ಕ ಒಂದಿಟ್ಟು ಕಂಗೆಡುವವರು ಬಹಳ. "ಮೂರು ಬ್ಲಾಕ್ ಇದೆ" ಎಂದರೂ ಕೇಳಿ ತಿಳಿದುಕೋ: ಮೂರು ಬೇರೆ ಬೇರೆ ನಾಳಗಳಲ್ಲೋ, ಒಂದೇ ನಾಳದಲ್ಲಿ ಮೂರು ಕಡೆಯೋ? ಸ್ಟೆಂಟ್ ಸಾಕೇ, ಬೈಪಾಸ್ ಬೇಕೇ ಎಂಬ ತೀರ್ಮಾನದಲ್ಲಿ ಅದಕ್ಕೂ ತೂಕವಿದೆ.

ಇನ್ನು ಮಾತ್ರೆಗಳ ಸುದ್ದಿ. ಬೀಟಾ ಬ್ಲಾಕರ್ ಎಂಬ ಜಾತಿಯ ಮಾತ್ರೆಗಳಿವೆ. ಮೆಟೊಪ್ರೊಲಾಲ್, ಅಟೆನೊಲಾಲ್, ಹೀಗೆ ಹೆಸರಿನ ಕೊನೆಗೆ 'ಲಾಲ್' ಎಂದು ಬರುತ್ತದೆ. ಬಿಪಿಗೂ ಎದೆನೋವಿಗೂ ಕೊಡುತ್ತಾರೆ. ಇವು ರಕ್ತನಾಳವನ್ನು ಕಟ್ಟುವುದಿಲ್ಲ. ಹೃದಯವನ್ನು ಓಡಿಸುವ ಅಡ್ರಿನಲಿನ್‌ನಂಥ ರಸಗಳು ಹೃದಯದ ಮೇಲೆ ಕೆಲಸ ಮಾಡದಂತೆ ತಡೆಯುತ್ತವೆ, ಬಡಿತ ನಿಧಾನವಾಗುತ್ತದೆ. ಹೆಸರಿನಲ್ಲಿ ಬ್ಲಾಕ್ ಇದೆ ಎಂದು ಹೆದರಿ ಇದನ್ನು ತಾನಾಗಿ ನಿಲ್ಲಿಸುವುದು ಅಪಾಯ, ಥಟ್ಟನೆ ಬಿಟ್ಟರೆ ಎದೆನೋವು ಮರುಕಳಿಸಬಹುದು. ಅದೇ, ವೈರಿನ ಬ್ಲಾಕ್ ಇದ್ದವನ ನಾಡಿ ಮೊದಲೇ ನಿಧಾನವಾಗಿರಬಹುದು. ಅವನಿಗೆ ಈ ಮಾತ್ರೆ ತೊಂದರೆ ಹೆಚ್ಚಿಸೀತು. ಆದ್ದರಿಂದ ನಿನ್ನಪ್ಪ ಈಗ ನುಂಗುತ್ತಿರುವ ಮಾತ್ರೆಗಳ ಪಟ್ಟಿಯನ್ನೆಲ್ಲ, ಬಿಪಿಯದೂ ಸೇರಿಸಿ, ಖಾಲಿ ಪಟ್ಟಿಯಾದರೂ ಸರಿ, ಒಂದು ಕವರಿಗೆ ಹಾಕಿ ತರಲು ಹೇಳು.

ಆಸ್ಪತ್ರೆಯಲ್ಲಿ ಒಂದು ದಿನ ಕಳೆದರೆ ಈ ಪದ ಇನ್ನೂ ಎರಡು ಮೂರು ವೇಷದಲ್ಲಿ ಎದುರಾಗುತ್ತದೆ. "ಆ ಬ್ಲಾಕಿಗೆ ಹೋಗಿ" ಎಂದರೆ ಕಟ್ಟಡ. ಆಪರೇಷನ್ ಮುಂಚೆ "ಬ್ಲಾಕ್ ಕೊಡ್ತೀವಿ" ಎಂದರೆ ಆ ಭಾಗದ ನರ ಮಾತ್ರ ಮರಗಟ್ಟಿಸುವ ಇಂಜೆಕ್ಷನ್ನು. ಹಾಗೆ ಹೇಳಿದ್ದನ್ನು ಕೇಳಿ ಹೊಸದೊಂದು ಕಾಯಿಲೆ ಬಂತೆಂದು ಬೆವರಿದವರನ್ನು ನಾನು ಬಲ್ಲೆ. ಹೊಸೂರು ರಸ್ತೆಯ ಕಿದ್ವಾಯಿಯಂಥ ಕ್ಯಾನ್ಸರ್ ಆಸ್ಪತ್ರೆಗಳಲ್ಲಿ "ಸ್ಲೈಡು, ಬ್ಲಾಕು ತಗೊಂಡು ಬನ್ನಿ" ಎನ್ನುತ್ತಾರೆ. ಬಯಾಪ್ಸಿಗೆಂದು ತೆಗೆದ ಮಾಂಸದ ಚೂರನ್ನು ಮೇಣದಲ್ಲಿ ಹುದುಗಿಸಿ ಮಾಡಿದ ಪುಟ್ಟ ಬಿಲ್ಲೆ ಅದು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದು. ಮೊದಲು ಪರೀಕ್ಷೆ ಮಾಡಿದ ಲ್ಯಾಬಿನಲ್ಲಿ ಕೇಳಿದರೆ ಕೊಡುತ್ತಾರೆ. ಅದರಿಂದ ಮತ್ತೆ ತೆಳು ಪದರ ಕತ್ತರಿಸಿ ಬೇರೆ ಪರೀಕ್ಷೆ ಮಾಡಬಹುದು, ರೋಗಿಗೆ ಇನ್ನೊಮ್ಮೆ ಸೂಜಿ ಚುಚ್ಚುವುದು ತಪ್ಪಬಹುದು. ನಮ್ಮ ಮನೆಗೆ ಅದರ ಅಗತ್ಯ ಬಾರದಿರಲಿ, ಬಂದವರಿಗೆ ಹೇಳು.

ನಾನು ಕೆಲಸಕ್ಕೆ ಸೇರಿದಾಗ ಬ್ಲಾಕ್ ಎಂದರೆ ನನಗೆ ಒಂದೇ ಅರ್ಥ. ಪುಸ್ತಕದಲ್ಲಿ ಚಿತ್ರ ಬರಬೇಕೆಂದರೆ ಸತುವಿನ ತಗಡಿನ ಮೇಲೆ ಅದನ್ನು ಕೊರೆಸಿ, ಅಚ್ಚುಮೊಳೆಯ ಎತ್ತರಕ್ಕೆ ಸಮನಾಗುವಂತೆ ಮರದ ತುಂಡಿನ ಮೇಲೆ ಸಣ್ಣ ಮೊಳೆ ಹೊಡೆದು ಕೂರಿಸುತ್ತಿದ್ದರು. ಅದೇ ಬ್ಲಾಕು. ಒಂದೊಂದಕ್ಕೂ ದುಡ್ಡು ತೆರಬೇಕಾದ್ದರಿಂದ ಹಳೆಯವನ್ನು ಕಾಗದದಲ್ಲಿ ಸುತ್ತಿ, ಹೆಸರು ಬರೆದು, ಕಪಾಟಿನಲ್ಲಿ ಇಡುತ್ತಿದ್ದೆವು. ಈ ಪದದ ಬೇರು ಹುಡುಕಿದರೂ ಸಿಗುವುದು ಮರವೇ: ಡಚ್ಚರ, ಫ್ರೆಂಚರ ಮಾತಿನಲ್ಲಿ ಅದು ಮರದ ದಿಮ್ಮಿ. ದಿಮ್ಮಿಯಿಂದ ಗಟ್ಟಿ ತುಂಡು ಎಂಬ ಅರ್ಥ ಬಂತು, ಮನೆ ಕಟ್ಟುವ ಸಾಲಿಡ್ ಬ್ಲಾಕು ಅದೇ. ಅಡ್ಡ ಬಿದ್ದ ದಿಮ್ಮಿ ದಾರಿ ತಡೆಯುತ್ತದೆ, ತಡೆ ಎಂಬ ಅರ್ಥವೂ ಸೇರಿತು. ಒಟ್ಟಾಗಿ ನಿಂತ ಮನೆಗಳ ಗುಂಪಿಗೂ ಅದೇ ಹೆಸರಾಯಿತು. ಆಗಿನ ಗವರ್ನರ್ ಜನರಲ್ ರಾಜಾಜಿ 1948ರಲ್ಲಿ ಶಂಕುಸ್ಥಾಪನೆ ಮಾಡಿದ ಜಯನಗರ ಬ್ಲಾಕು ಬ್ಲಾಕಾಗಿ ಬೆಳೆದು ಒಂಬತ್ತಕ್ಕೆ ಮುಟ್ಟಿತು. ಜಯದೇವ ಆಸ್ಪತ್ರೆಯ ವಿಳಾಸದಲ್ಲಿರುವುದು ಆ ಒಂಬತ್ತನೆಯ ಬ್ಲಾಕೇ. ಹಳ್ಳಿಗಳ ಅಭಿವೃದ್ಧಿಗೆಂದು 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಬಂದಾಗ ಹಳ್ಳಿಗಳ ಗುಂಪಿಗೂ ಬ್ಲಾಕ್ ಎಂದರು. ನಿನ್ನಪ್ಪ ಮೇಷ್ಟರಾಗಿದ್ದಷ್ಟು ಕಾಲವೂ ಬಿಇಒ ಆಫೀಸಿಗೆ ಓಡಾಡಿದವನು. ಆ ಮೂರಕ್ಷರದ ಮೊದಲನೆಯದು ಬ್ಲಾಕೇ, ಕನ್ನಡದಲ್ಲಿ ಕ್ಷೇತ್ರ ಶಿಕ್ಷಣಾಧಿಕಾರಿ ಎಂದು ಚೆನ್ನಾಗಿ ಮಾಡಿಕೊಂಡಿದ್ದೇವೆ.

ಹೀಗೆ ಒಂದೇ ಪದ ಇಷ್ಟೆಲ್ಲ ಕಡೆ ಕೂತಿರುವಾಗ ಅರ್ಥ ಗೊತ್ತಾಗುವುದು ಹೇಗೆ? ಅದಕ್ಕೆ ಉತ್ತರ ಹೇಳಿಕೊಟ್ಟವರು ಇದೇ ಜಯನಗರದಲ್ಲಿ ಬಾಳಿದವರು, ಪ್ರೊ. ಜಿ. ವೆಂಕಟಸುಬ್ಬಯ್ಯನವರು. 1913ರಲ್ಲಿ ಹುಟ್ಟಿ, 2021ರ ಏಪ್ರಿಲ್‌ನಲ್ಲಿ 107ನೆಯ ವಯಸ್ಸಿನಲ್ಲಿ ತೀರಿಕೊಂಡರು. ವಿಜಯಾ ಕಾಲೇಜಿನಲ್ಲಿ ಪಾಠ ಹೇಳಿದವರು, ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದವರು. ಇಂಗ್ಲಿಷ್-ಕನ್ನಡ ನಿಘಂಟನ್ನೂ ಮಾಡಿದರು, ಬೇರೆ ಭಾಷೆಗಳಿಂದ ಬಂದ ಪದಗಳಿಗೆಂದೇ 'ಎರವಲು ಪದಕೋಶ' ಬರೆದರು. 1991ರಲ್ಲಿ 'ಪ್ರಜಾವಾಣಿ'ಯಲ್ಲಿ 'ಇಗೋ ಕನ್ನಡ' ಶುರುವಾದ ಮೇಲೆ ವರ್ಷಗಟ್ಟಲೆ ಓದುಗರು ಪದಗಳ ಅನುಮಾನ ಕೇಳಿದರು, ಅವರು ತಾಳ್ಮೆಯಿಂದ ಉತ್ತರಿಸಿದರು. ಪರಿಷತ್ತಿನ ನಿಘಂಟನ್ನು ಒಮ್ಮೆ ತೆರೆದು ನೋಡು. ಅರ್ಥ ಕೊಟ್ಟು ಅಲ್ಲಿಗೇ ನಿಲ್ಲುವುದಿಲ್ಲ, ಆ ಪದ ಎಲ್ಲಿ ಹೇಗೆ ಬಂದಿದೆ ಎಂದು ಪ್ರಯೋಗಗಳನ್ನು ಕೆಳಗೇ ಕೊಡುತ್ತಾರೆ. ಅಕ್ಕಪಕ್ಕದ ಪದಗಳನ್ನು ನೋಡದೆ ಅರ್ಥ ಹೇಳಬಾರದು ಎಂಬ ಕಟ್ಟುನಿಟ್ಟು ಅದು. ಡಾಕ್ಟರ ಬಾಯಿಂದ ಬ್ಲಾಕ್ ಎಂದು ಬಿದ್ದ ಕೂಡಲೆ ನೀನೂ ಅದರ ಅಕ್ಕಪಕ್ಕದ ಪದಗಳನ್ನು ಹಿಡಿದುಕೋ. ಆಂಜಿಯೊಗ್ರಾಂ, ಸ್ಟೆಂಟ್, ಶೇಕಡಾ ಎಂಬ ಮಾತುಗಳಿದ್ದರೆ ರಕ್ತನಾಳ. ಇಸಿಜಿ, ನಾಡಿ, ದರ್ಜೆ, ಪೇಸ್‌ಮೇಕರ್ ಎಂಬ ಮಾತುಗಳಿದ್ದರೆ ವಿದ್ಯುತ್ ಸಂಕೇತ. ಎರಡೂ ಬೆರೆತು ಬಂದರೆ ಕೇಳಲೇಬೇಕು.

ಫೋನಿನಲ್ಲಿ ಓದುವ ಯಂತ್ರಾನುವಾದವನ್ನು ಮಾತ್ರ ಇಂಥ ಹೊತ್ತಿನಲ್ಲಿ ನಂಬಬೇಡ. 2025ರ ಜುಲೈಯಲ್ಲಿ ಬಿ. ಸರೋಜಾದೇವಿಯವರು ತೀರಿಕೊಂಡಾಗ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದ ಸುದ್ದಿಯನ್ನು ಫೇಸ್‌ಬುಕ್ಕಿನ ಯಂತ್ರ ಇಂಗ್ಲಿಷಿಗೆ ಮಾಡುವಾಗ ಮುಖ್ಯಮಂತ್ರಿಗಳೇ ತೀರಿಕೊಂಡರು ಎಂಬಂತೆ ಬರೆಯಿತು. ಮೆಟಾ ಕಂಪನಿ ಕ್ಷಮೆ ಕೇಳಿತು. ಮುಖ್ಯಮಂತ್ರಿಯಾದ್ದರಿಂದ ತಪ್ಪು ಸಿಕ್ಕಿಬಿತ್ತು. ನಿನ್ನಪ್ಪನ ರಿಪೋರ್ಟಿನಲ್ಲಿ ಆಗುವ ತಪ್ಪನ್ನು ಹಿಡಿಯುವವರು ನಿನ್ನನ್ನು ಬಿಟ್ಟರೆ ಯಾರೂ ಇಲ್ಲ.

ಇನ್ನೊಂದು ಮಾತು, ಇದನ್ನು ತುಂಬ ಗಮನವಿಟ್ಟು ಓದು. ಇಂಗ್ಲಿಷಿನಲ್ಲಿ ತಡೆಯ ಬ್ಲಾಕ್ ಬೇರೆ, ಕಪ್ಪಿನ ಬ್ಲ್ಯಾಕ್ ಬೇರೆ. ನಮ್ಮ ನಾಲಿಗೆಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆಗಿವೆ. ಕಪ್ಪಿಗೆ ಯ ಒತ್ತು ಕೊಟ್ಟು ಬರೆಯಬೇಕೆಂದು ಕರಡಿನಲ್ಲಿ ತಿದ್ದಿ ತಿದ್ದಿ ಇಟ್ಟಿದ್ದೇನೆ, ಆದರೆ ಮಾತಿಗೆ ಕರಡು ತಿದ್ದುವವರಿಲ್ಲ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತರಹದ ಮಾತ್ರೆ ಕೊಡುತ್ತಾರೆ. ಅವುಗಳಿಂದ ಕೆಲವರಿಗೆ ಹೊಟ್ಟೆಯಲ್ಲಿ ರಕ್ತ ಜಿನುಗುತ್ತದೆ, ಆಗ ಮಲ ಟಾರಿನ ಹಾಗೆ ಕಪ್ಪಾಗುತ್ತದೆ. ಊರಿಗೆ ಹೋದ ಮೇಲೆ ನಿನ್ನಪ್ಪ ಫೋನಿನಲ್ಲಿ "ಮೋಷನ್ ಬ್ಲಾಕ್ ಆಗಿದೆ ಕಣಮ್ಮ" ಎಂದರೆ ನೀನು ಏನೆಂದು ತಿಳಿಯುತ್ತೀಯ? ಮಲಬದ್ಧತೆ ಎಂದು ತಿಳಿದು ಬಾಳೆಹಣ್ಣು ತಿನ್ನಿ ಎನ್ನಬಹುದು. ಕಬ್ಬಿಣದ ಮಾತ್ರೆ ತಿಂದರೂ ಕಪ್ಪಾಗುತ್ತದೆ ನಿಜ, ಆದರೆ ಅದನ್ನು ನಿರ್ಧರಿಸಬೇಕಾದವರು ಡಾಕ್ಟರು. ರಕ್ತವೇ ಆದರೆ ಕೂಡಲೆ ಆಸ್ಪತ್ರೆಗೆ ಹೋಗಬೇಕು, ತಲೆಸುತ್ತು ಸೇರಿದ್ದರೆ 108ಕ್ಕೆ ಫೋನ್ ಮಾಡಬೇಕು. ಆದ್ದರಿಂದ ಈಗಲೇ ಹೇಳಿಕೊಡು: ಮೋಷನ್, ಬ್ಲಾಕ್ ಎಲ್ಲ ಬೇಡ ಅಪ್ಪ, ಕಪ್ಪಗೆ ಹೋಗ್ತಿದೆ ಅನ್ನಿ, ಇಲ್ಲ ಹೋಗ್ತಿಲ್ಲ ಅನ್ನಿ. ಮೇಷ್ಟರಾಗಿದ್ದವನು, ನಾಚಿಕೆಗೆ ಇಂಗ್ಲಿಷ್ ಪದದ ಮರೆ ಹಿಡಿಯುತ್ತಾನೆ. ಆ ನಾಚಿಕೆಯನ್ನು ನೀನೇ ಮೊದಲು ಬಿಟ್ಟು ತೋರಿಸು.

ದುಡ್ಡಿನ ವಿಷಯದಲ್ಲಿ ಚಿಕ್ಕದಾಗಿ ಹೇಳುತ್ತೇನೆ. "ನಿಮ್ಮ ಕಾರ್ಡ್ ಬ್ಲಾಕ್ ಆಗುತ್ತೆ, ಓಟಿಪಿ ಹೇಳಿ" ಎಂದು ಬರುವ ಕರೆಗಳನ್ನು ನೀನು ಬಲ್ಲೆ, ನಿನ್ನಪ್ಪನಿಗೆ ಗೊತ್ತಿಲ್ಲ. ಕಾರ್ಡ್ ಬ್ಲಾಕಾದರೆ ಖಾತೆಯಲ್ಲಿನ ಹಣಕ್ಕೆ ಏನೂ ಆಗುವುದಿಲ್ಲ ಎಂಬ ಒಂದು ಸಂಗತಿ ಗೊತ್ತಿದ್ದರೆ ಆ ಬೆದರಿಕೆಗೆ ಅರ್ಧ ಬಲವೂ ಉಳಿಯದು. ಹಣ ಹೋಗಿಯೇಬಿಟ್ಟರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಪಿಜಿಯವರು, ಫ್ಲ್ಯಾಟಿನ ಏಜೆಂಟರು "ಬ್ಲಾಕ್ ಮಾಡ್ಕೊಳ್ಳಿ ಮೇಡಂ" ಎನ್ನುವುದು ಮುಂಗಡ ಕಾದಿರಿಸುವುದಕ್ಕೆ. ಬೇಡವೆಂದರೆ ಆ ಮುಂಗಡ ವಾಪಸ್ ಬರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳು. ಫ್ಲ್ಯಾಟಿನ ವಿಚಾರದಲ್ಲಿ 2016ರ ರೇರಾ ಕಾಯ್ದೆಯ ಪ್ರಕಾರ ಮಾರಾಟದ ಕರಾರು ನೋಂದಾಯಿಸದೆ ಬೆಲೆಯ ಶೇ 10ಕ್ಕಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ನಿನಗೆ ಆ ಕಾಲವೂ ಬರಲಿ.

ಈಗ ಬರುವ ವಾರದ ಕೆಲಸ. ನಿನಗೆ ಹಳದಿ ಮೆಟ್ರೊ ಇದೆ, ಬಿಟಿಎಂ ಲೇಔಟ್ ಆದಮೇಲಿನ ನಿಲ್ದಾಣವೇ ಜಯದೇವ. ಬೆಳಗ್ಗೆ ಬೇಗ ಹೋಗಿ. ಊರಿನ ಇಸಿಜಿ, ಚೀಟಿ, ಮಾತ್ರೆಗಳ ಕವರು ಮರೆಯಬೇಡಿ. ಒಳಗೆ ಹೋದಾಗ ಇಂಗ್ಲಿಷಿನಲ್ಲಿ ನೀನೂ ಡಾಕ್ಟರೂ ಮಾತಾಡಿ ಮುಗಿಸಬೇಡಿ, ಅಲ್ಲಿ ಕನ್ನಡ ಬಲ್ಲ ಡಾಕ್ಟರು ಬೇಕಾದಷ್ಟು ಜನ ಇದ್ದಾರೆ. "ಡಾಕ್ಟ್ರೇ, ಇದು ರಕ್ತನಾಳ ಕಟ್ಟಿರೋದಾ, ಕರೆಂಟಿನ ತೊಂದರೆನಾ? ಈಗ ಏನು ಮಾಡ್ಬೇಕು, ಮಾಡದಿದ್ರೆ ಏನಾಗುತ್ತೆ?" ಎಂದು ಅಪ್ಪನ ಎದುರಿಗೇ ಕೇಳು. ಹೇಳಿದ್ದನ್ನು ಕನ್ನಡದಲ್ಲಿ ಬರೆದುಕೊಂಡು ಅವರಿಗೇ ಓದಿ ತೋರಿಸು, ತಪ್ಪಿದ್ದರೆ ಅವರೇ ತಿದ್ದುತ್ತಾರೆ. ಹೊರಗೆ ಬಂದ ಮೇಲೆ ಮೊದಲು ಅಪ್ಪನನ್ನು ಕೂರಿಸಿಕೊಂಡು ನಿಧಾನವಾಗಿ ತಿಳಿಸು. ನಮಗೆಲ್ಲ ಫೋನ್ ಮಾಡುವುದು ಆಮೇಲೆ.